ವ್ಯಾಕ್ಯೂಮ್ ಚೇಂಬರ್ ಇಲ್ಲದೆ ಸೂಪರ್‌ಕಂಡಕ್ಟರ್ ಫಿಲ್ಟರ್: ತಾರಿಹಾಳದ ಶೆಡ್ಡಿನಲ್ಲಿ ನನ್ನ ಅನುಭವ

ಮೊನ್ನೆ ಹನ್ನೊಂದನೇ ಡಬ್ಬಿ ಪ್ಯಾಕ್ ಮಾಡಿ ಕಳಿಸಿದೆ. ಒಳಗೆ ಐದು ಪೋಲ್‌ನ ಹೇರ್‌ಪಿನ್ ಫಿಲ್ಟರ್ (ಬೇಕಾದ ರೇಡಿಯೋ ತರಂಗವನ್ನಷ್ಟೇ ಒಳಬಿಟ್ಟು ಉಳಿದದ್ದನ್ನು ತಡೆಯುವ, ಹೇರ್‌ಪಿನ್‌ನಂತೆ ಮಡಿಸಿದ ಐದು ಗೆರೆಗಳ ಸರ್ಕ್ಯೂಟ್), ನಡು ಫ್ರೀಕ್ವೆನ್ಸಿ 1420 ಮೆಗಾಹರ್ಟ್ಜ್, ಅಗಲ ಸುಮಾರು 20 ಮೆಗಾಹರ್ಟ್ಜ್. 77 ಕೆಲ್ವಿನ್‌ನಲ್ಲಿ (ಮೈನಸ್ 196 ಡಿಗ್ರಿ) ಲಾಸ್, ಅಂದರೆ ಸಿಗ್ನಲ್ ನಷ್ಟ, 0.3 ಡಿಬಿ ಆಸುಪಾಸು, ಕನೆಕ್ಟರ್ ಸೇರಿಸಿಯೇ. ಇದೇ ಡ್ರಾಯಿಂಗನ್ನು ತಾಮ್ರದಲ್ಲಿ ಮಾಡಿ ಅದೇ ಲಿಕ್ವಿಡ್ ನೈಟ್ರೋಜನ್‌ನಲ್ಲಿ ಮುಳುಗಿಸಿದಾಗ ನನಗೆ ಸಿಕ್ಕಿದ್ದು ಐದೂವರೆ ಡಿಬಿ. ಗೆರೆಗಳ ಸೂಪರ್‌ಕಂಡಕ್ಟರ್ ಫಿಲ್ಮ್ (ತಣಿಸಿದಾಗ ವಿದ್ಯುತ್ತಿಗೆ ತಡೆಯೇ ಇಲ್ಲದ ವಸ್ತುವಿನ ತೆಳು ಪದರ) ಹೊರಗಿನಿಂದ ತಂದದ್ದಲ್ಲ. ಹುಬ್ಬಳ್ಳಿಯ ತಾರಿಹಾಳ ಇಂಡಸ್ಟ್ರಿಯಲ್ ಏರಿಯಾದಲ್ಲಿ, ತಗಡಿನ ಮೇಲ್ಛಾವಣಿಯ ಶೆಡ್ಡಿನಲ್ಲಿ, ಒಂದು ಟ್ಯೂಬ್ ಫರ್ನೇಸ್ ಇಟ್ಟುಕೊಂಡು ನಾನೇ ಮಾಡಿದ್ದು.

ಇದು ಆಗುವುದಿಲ್ಲ ಅಂತ ಹೇಳಿದವರು ಬಹಳ ಜನ. ಬೆಂಗಳೂರಿನಲ್ಲಿ ನಾನು ಹಿಂದೆ ಕೆಲಸ ಮಾಡಿದ ಕಡೆಯ ಹಿರಿಯರು ಹೇಳಿದರು. ಧಾರವಾಡದ ಒಬ್ಬ ಪ್ರಾಧ್ಯಾಪಕರು ಬಹಳ ಪ್ರೀತಿಯಿಂದಲೇ, ಚಹಾ ಕುಡಿಸಿ, "ಲೇಸರ್ ಇಲ್ಲ, ವ್ಯಾಕ್ಯೂಮ್ ಇಲ್ಲ, ಬರೀ ದ್ರಾವಣ ಬಳಿದು ಸುಟ್ರ ಟಿಸಿ ಬರಬಹುದು, ಆದ್ರ ಮೈಕ್ರೋವೇವ್‌ಗೆ ಬರೂದಿಲ್ರಿ" ಅಂದರು. ಟಿಸಿ ಅಂದರೆ ಸೂಪರ್‌ಕಂಡಕ್ಟರ್ ಆಗುವ ಟೆಂಪರೇಚರ್. ಅವರ ಮಾತಿಗೆ ಕಾರಣ ಇತ್ತು. ಡಿಸಿ ರೆಸಿಸ್ಟೆನ್ಸ್ ಸೊನ್ನೆ ಆಗಲು ಒಂದು ದಾರಿ ಕೂಡಿಕೊಂಡರೆ ಸಾಕು. ಮೈಕ್ರೋವೇವ್ ಕರೆಂಟು ಫಿಲ್ಮಿನ ಇಡೀ ಮೈ ಮೇಲೆ ಹರಿಯುತ್ತದೆ, ಒಂದೊಂದು ಕೆಟ್ಟ ಗ್ರೇನ್ ಬೌಂಡರಿಯೂ (ಹರಳು ಹರಳು ಸೇರುವ ಅಂಚು) ಕ್ಯೂ ತಿನ್ನುತ್ತದೆ; ಕ್ಯೂ ಹೆಚ್ಚಿದ್ದಷ್ಟೂ ಲಾಸ್ ಕಡಿಮೆ. ಈಗ ಅದೇ ಪ್ರಾಧ್ಯಾಪಕರ ವಿದ್ಯಾರ್ಥಿಗಳು ನನ್ನ ಹತ್ತಿರ ಸ್ಯಾಂಪಲ್ ಕೇಳಿಕೊಂಡು ಬರುತ್ತಾರೆ. ಕೊಡುತ್ತೇನೆ, ದುಡ್ಡು ತೆಗೆದುಕೊಳ್ಳುವುದಿಲ್ಲ.

ನಾನು ಮೂಲತಃ ಫಿಲ್ಟರ್ ಮನುಷ್ಯ. ಕ್ಯಾವಿಟಿ ಫಿಲ್ಟರ್ ಟ್ಯೂನ್ ಮಾಡುವುದೇ ಹದಿನೆಂಟು ವರ್ಷದ ಉದ್ಯೋಗ. ಊರಿಗೆ ವಾಪಸ್ ಬಂದ ಮೇಲೂ ಅದೇ ಜಾಬ್ ವರ್ಕ್ ಹೊಟ್ಟೆಗೆ ಹಾಕಿದ್ದು, ಈ ಹುಚ್ಚಿಗೂ ಅದೇ ದುಡ್ಡು ಹಾಕಿದ್ದು. ಇದನ್ನು ಮೊದಲೇ ಹೇಳುತ್ತೇನೆ, ಯಾಕೆಂದರೆ ಕೊನೆಗೆ ಗೆಲ್ಲಿಸಿದ್ದರಲ್ಲಿ ಅರ್ಧ ಪಾಲು ಈ ಟ್ಯೂನಿಂಗ್ ಕೈಯದ್ದು.

ಮೊದಲ ತಪ್ಪು, ಅತಿ ದುಬಾರಿ ತಪ್ಪು, ಸ್ಪಟರಿಂಗ್ ಯಂತ್ರ. ವ್ಯಾಕ್ಯೂಮಿನಲ್ಲಿ ಟಾರ್ಗೆಟ್ ಎಂಬ ಗಟ್ಟಿಯಿಂದ ಪರಮಾಣುಗಳನ್ನು ಸಿಡಿಸಿ ಫಿಲ್ಮ್ ಕೂರಿಸುವಂಥದ್ದು. ಸೆಕೆಂಡ್ ಹ್ಯಾಂಡ್, ನಾಲ್ಕೂವರೆ ಲಕ್ಷ ಕೊಟ್ಟು ತಂದೆ. ಟಾರ್ಗೆಟ್‌ಗೆ ಬೇರೆ ಐವತ್ತು ಸಾವಿರ. ಸಬ್‌ಸ್ಟ್ರೇಟನ್ನು (ಫಿಲ್ಮ್ ಕೂರುವ ಹರಳಿನ ಬಿಲ್ಲೆ) ಟಾರ್ಗೆಟ್ ಎದುರಿಗೇ ಇಟ್ಟು ಮಾಡಿದೆ, ಎಲ್ಲ ಲೋಹಕ್ಕೂ ಹಾಗೇ ಅಲ್ವಾ ಮಾಡುವುದು? ನನ್ನ ಸೂಪರ್‌ಕಂಡಕ್ಟರ್ ವೈಬಿಸಿಒ, ಅಂದರೆ ಇಟ್ರಿಯಂ, ಬೇರಿಯಂ, ತಾಮ್ರದ ಆಕ್ಸೈಡ್; ಅದಕ್ಕೆ ಇದು ನಡೆಯುವುದಿಲ್ಲ. ಟಾರ್ಗೆಟ್‌ನಿಂದ ನೆಗೆಟಿವ್ ಆಕ್ಸಿಜನ್ ಅಯಾನುಗಳು ನೇರ ಬಂದು ಬೆಳೆಯುತ್ತಿರುವ ಫಿಲ್ಮನ್ನೇ ಕೆರೆದು ಹಾಕುತ್ತವೆ. ನಡುಭಾಗದಲ್ಲಿ ಬೇರಿಯಂ, ತಾಮ್ರದ ಲೆಕ್ಕ ತಪ್ಪಿಹೋಗುತ್ತದೆ. ಪಕ್ಕಕ್ಕೆ ತಿರುಗಿಸಿ ಆಫ್ ಆಕ್ಸಿಸ್ ಮಾಡಿದೆ, ಆಗ ಫಿಲ್ಮ್ ಬಂತು, ಆದರೆ ಗಂಟೆಗೆ ಕೆಲವು ಹತ್ತು ನ್ಯಾನೋಮೀಟರ್ ವೇಗ. ಹತ್ತು ತಾಸು ಓಡಿಸುವಾಗ ಎಂಟನೇ ತಾಸಿಗೆ ಕರೆಂಟ್ ಹೋದರೆ ಎಲ್ಲ ಹಾಳು. ಹಾಗೆ ಹೋಗಿದ್ದು ಒಂದೆರಡು ಸಲ ಅಲ್ಲ. ಹದಿನಾಲ್ಕು ತಿಂಗಳು ಅದರ ಜೊತೆ ಗುದ್ದಾಡಿದೆ. ಕೊನೆಗೆ ಒಂದೂಕಾಲು ಲಕ್ಷಕ್ಕೆ ಕೊಟ್ಟುಬಿಟ್ಟೆ. ಟರ್ಬೋ ಪಂಪ್ ಮಾತ್ರ ಇಟ್ಟುಕೊಂಡೆ, ಅದು ಈಗ ಡ್ಯೂವರ್ (ತಂಪು ಹಿಡಿದಿಡುವ ಥರ್ಮಾಸ್‌ನಂಥ ಪಾತ್ರೆ) ಪಂಪ್ ಮಾಡಲು ದಿನಾ ದುಡಿಯುತ್ತಿದೆ.

ಆಮೇಲೆ ಹಿಡಿದದ್ದು ಟಿಎಫ್‌ಎ ದಾರಿ. ಟ್ರೈಫ್ಲೂರೋಅಸಿಟೇಟ್. ಇದೇನು ಹೊಸದಲ್ಲ, 1988ರಲ್ಲೇ ಐಬಿಎಂನಲ್ಲಿ ಗುಪ್ತಾ ಮತ್ತು ಸಂಗಡಿಗರು ಮಾಡಿ ತೋರಿಸಿದ್ದರು. ಅಮೆರಿಕನ್ ಸೂಪರ್‌ಕಂಡಕ್ಟರ್ ಕಂಪನಿ ಇದೇ ರಸಾಯನದಲ್ಲಿ ಸೂಪರ್‌ಕಂಡಕ್ಟರ್ ತಂತಿಯ ಟೇಪ್ ಮಾಡಿ ಮಾರಿದೆ. ಉದ್ದುದ್ದ ಟೇಪ್ ಮೇಲೆ ಕೂರುವ ಫಿಲ್ಮ್ ಎರಡು ಇಂಚಿನ ಬಿಲ್ಲೆಯ ಮೇಲೆ ಯಾಕೆ ಕೂರಬಾರದು ಅನ್ನುವುದೊಂದೇ ನನ್ನ ವಾದ.

ವಿಧಾನ ಹೀಗೆ. ಇಟ್ರಿಯಂ, ಬೇರಿಯಂ, ತಾಮ್ರದ ಅಸಿಟೇಟ್ 1:2:3 ತೂಗಿ, ನೀರಿನಲ್ಲಿ ಟಿಎಫ್ ಆಸಿಡ್ ಜೊತೆ ಕರಗಿಸಿ, ಆವಿ ಮಾಡಿ ನೀಲಿ ಜೆಲ್ ಮಾಡಿಕೊಂಡು ಮೆಥನಾಲ್‌ನಲ್ಲಿ ಎತ್ತಿಕೊಳ್ಳುವುದು. ಇಲ್ಲಿ ಜಿಪುಣತನ ಮಾಡಬೇಡಿ. ಜೆಲ್‌ನಲ್ಲಿ ನೀರು, ಅಸಿಟಿಕ್ ಆಸಿಡ್ ಉಳಿದರೆ ಮುಂದೆ ಎಷ್ಟು ಹುಷಾರಾಗಿ ಸುಟ್ಟರೂ ಸೀಳು ಬರುತ್ತದೆ. ಮೆಥನಾಲ್ ಹಾಕಿ ಮತ್ತೆ ಒಣಗಿಸಿ ಮತ್ತೆ ಎತ್ತಬೇಕು. ನಾನು ಎರಡು ಸಲ ಮಾಡುತ್ತಿದ್ದೆ, ಈಗ ಮೂರು. ಒಂದು ಸಲ ಹೊಸ ಹುಡುಗನೊಬ್ಬ ಗಡಿಬಿಡಿಯಲ್ಲಿ ಒಂದೇ ಸಲಕ್ಕೆ ಮುಗಿಸಿದ, ಆ ಬಾಟಲಿಯಿಂದ ಮಾಡಿದ ಒಂಬತ್ತು ಬಿಲ್ಲೆಗಳಲ್ಲಿ ಒಂದೂ ಉಳಿಯಲಿಲ್ಲ. ಬಿಲ್ಲೆ ಅಂದರೆ ಲ್ಯಾಂಥನಮ್ ಅಲ್ಯುಮಿನೇಟ್. ಹತ್ತು ಮಿಲಿಮೀಟರ್ ಚೌಕಕ್ಕೆ ಆಗ ಸಾವಿರದ ಎಂಟುನೂರೋ ಎರಡು ಸಾವಿರವೋ. ಎರಡೂ ಕಡೆ ಪಾಲಿಶ್ ಇರುವ ಎರಡು ಇಂಚಿನದು ಹದಿನೆಂಟು ಸಾವಿರದ ಹತ್ತಿರ. ಕೈ ನಡುಗುತ್ತದೆ.

ಬೇರೆ ಸಬ್‌ಸ್ಟ್ರೇಟ್ ಯಾಕೆ ಬೇಡ ಅಂತ ಕೇಳುತ್ತೀರಿ. ಸ್ಟ್ರಾಂಷಿಯಂ ಟೈಟನೇಟ್ ಮೇಲೆ ಫಿಲ್ಮ್ ಬಂಗಾರದಂತೆ ಬರುತ್ತದೆ, ಆದರೆ ಅದರ ಡೈಎಲೆಕ್ಟ್ರಿಕ್ ಸಂಖ್ಯೆ (ವಿದ್ಯುತ್ ಕ್ಷೇತ್ರವನ್ನು ಎಷ್ಟು ಹಿಡಿದಿಡುತ್ತದೆ ಅನ್ನುವ ಅಳತೆ) ರೂಮ್ ಟೆಂಪರೇಚರ್‌ನಲ್ಲೇ ಮುನ್ನೂರು, ತಂಪಾದಂತೆ ಇನ್ನೂ ಏರುತ್ತದೆ, ಫಿಲ್ಟರಿಗೆ ಉಪಯೋಗವಿಲ್ಲ. ಮೆಗ್ನೀಷಿಯಂ ಆಕ್ಸೈಡ್ ಒಳ್ಳೆಯದು, ಅಗ್ಗ, ಸಂಖ್ಯೆ ಹತ್ತರ ಒಳಗೆ. ಆದರೆ ಅದು ತೇವ ಕುಡಿಯುತ್ತದೆ, ನಮ್ಮ ಮಳೆಗಾಲದಲ್ಲಿ ಪ್ಯಾಕೆಟ್ ಒಡೆದು ನಾಲ್ಕು ದಿನ ಬಿಟ್ಟರೆ ಮೇಲ್ಮೈ ಮಂಕಾಗುತ್ತದೆ. ಜೊತೆಗೆ ಲ್ಯಾಟಿಸ್ (ಹರಳಿನೊಳಗಿನ ಪರಮಾಣುಗಳ ಜೋಡಣೆ) ಹೊಂದಾಣಿಕೆ ದೂರ. ನೀಲಮಣಿಗೆ ಸೀರಿಯಂ ಆಕ್ಸೈಡ್ ಪದರ ಬೇಕು, ಅದಕ್ಕೆ ಮತ್ತೆ ವ್ಯಾಕ್ಯೂಮ್. ಹಾಗಾಗಿ ಲ್ಯಾಂಥನಮ್ ಅಲ್ಯುಮಿನೇಟೇ ಗತಿ, ಸಂಖ್ಯೆ 24, ಫಿಲ್ಟರ್ ಚಿಕ್ಕದಾಗುತ್ತದೆ. ಅದರ ಕಾಟ ಬೇರೆ ಇದೆ, ಮುಂದೆ ಹೇಳುತ್ತೇನೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ನೀರು. ನಾಲ್ಕು ವರ್ಷದ ಕಥೆಯೆಲ್ಲ ನೀರಿನದ್ದೇ.

ಬಳಿದ ಹಸಿ ಫಿಲ್ಮ್ ಗಾಳಿಯ ತೇವವನ್ನು ಉಪ್ಪಿನ ಹಾಗೆ ಎಳೆದುಕೊಳ್ಳುತ್ತದೆ. ಮೊದಲ ಜುಲೈನಲ್ಲಿ ಧಾರವಾಡ ಕಡೆಯ ಜಿಟಿಜಿಟಿ ಮಳೆ ಹಿಡಿದ ಮೇಲೆ ಸ್ಪಿನ್ ಮಾಡಿದ್ದೆಲ್ಲ (ಬಿಲ್ಲೆಯನ್ನು ಗರಗರ ತಿರುಗಿಸಿ ದ್ರಾವಣ ಹರಡಿದ್ದು) ಎರಡು ನಿಮಿಷಕ್ಕೆ ಹಾಲುಬಿಳುಪು. ಪಾರದರ್ಶಕ ನೀಲಿ ಇರಬೇಕಾದದ್ದು ಮಂಜು ಹಿಡಿದ ಕನ್ನಡಿಯಂತೆ. ಅಕ್ರಿಲಿಕ್ ಹಾಳೆಯ ಪೆಟ್ಟಿಗೆ ಮಾಡಿಸಿ, ಒಳಗೆ ಸಿಲಿಕಾ ಜೆಲ್ ತುಂಬಿ, ಒಣ ನೈಟ್ರೋಜನ್ ಬಿಟ್ಟು, ಸ್ಪಿನ್ ಕೋಟರನ್ನು ಅದರೊಳಗೇ ಕೂರಿಸಿದೆ. ಒಟ್ಟು ಹನ್ನೊಂದು ಸಾವಿರ ಖರ್ಚು. ತೇವ ಮೂವತ್ತು ಪರ್ಸೆಂಟ್ ಒಳಗಿದ್ದರೆ ತೊಂದರೆ ಇಲ್ಲ.

ಹೊರಗೆ ಇಷ್ಟು ಒಣಗಿರಬೇಕು. ಫರ್ನೇಸ್ ಒಳಗೆ ಹೋದ ಮೇಲೆ ಉಲ್ಟಾ, ತೇವ ಬೇಕೇ ಬೇಕು. ಮೊದಲ ಸುಡುವಿಕೆ 400 ಡಿಗ್ರಿವರೆಗೆ, ತೇವದ ಆಕ್ಸಿಜನ್‌ನಲ್ಲಿ. ತೇವ ಇಲ್ಲದಿದ್ದರೆ ತಾಮ್ರದ ಟಿಎಫ್‌ಎ ಹಾರಿಹೋಗುತ್ತದೆ, ಟ್ಯೂಬಿನ ತಣ್ಣನೆಯ ತುದಿಯಲ್ಲಿ ನೀಲಿ ಪುಡಿಯಾಗಿ ಅಂಟುತ್ತದೆ, ಫಿಲ್ಮಿನಲ್ಲಿ ತಾಮ್ರ ಕಡಿಮೆ. 200ರಿಂದ 250ರವರೆಗೆ ಆಮೆಯ ನಡಿಗೆ, ನಾನು ಹನ್ನೆರಡು ತಾಸು ಕೊಡುತ್ತೇನೆ. ಆ ಐವತ್ತು ಡಿಗ್ರಿಯಲ್ಲೇ ಫಿಲ್ಮ್ ಕುಗ್ಗುತ್ತದೆ, ಅವಸರ ಮಾಡಿದರೆ ಒಡೆದ ಕೆರೆಯಂಗಳ. ಎರಡನೇ ಸುಡುವಿಕೆ 780ರ ಹತ್ತಿರ, ತೇವದ ನೈಟ್ರೋಜನ್, ಅದರಲ್ಲಿ ಕೆಲವು ನೂರು ಪಿಪಿಎಂ ಆಕ್ಸಿಜನ್. ಬೇರಿಯಂ ಫ್ಲೂರೈಡ್ ನೀರಿನ ಆವಿ ಜೊತೆ ಸೇರಿ ಫ್ಲೂರಿನ್ ಬಿಟ್ಟುಕೊಡುವುದು ಇಲ್ಲೇ, ಹರಳು ಬೆಳೆಯುವುದೂ ಇಲ್ಲೇ. ಆಮೇಲೆ ಗ್ಯಾಸ್ ಒಣಗಿಸಿ, ಇಳಿಸುತ್ತಾ 525ಕ್ಕೆ ಶುದ್ಧ ಆಕ್ಸಿಜನ್‌ಗೆ ಬದಲಿಸಿ, 450ರಲ್ಲಿ ನಿಲ್ಲಿಸುವುದು.

ಗ್ಯಾಸಿಗೆ ಈ ತೇವ ಸೇರಿಸಲು ಎಲ್ಲರೂ ಬಬ್ಲರ್ ಹಚ್ಚಿರಿ ಅಂತ ಬರೆಯುತ್ತಾರೆ. ನಾನೂ ಹಚ್ಚಿದೆ. ಗಾಜಿನ ಬಾಟಲಿ, ಡಿಸ್ಟಿಲ್ಡ್ ವಾಟರ್, ಗುಳುಗುಳು ಅಂತ ಗ್ಯಾಸ್ ಹೋಗುತ್ತಿತ್ತು. ಫಿಲ್ಮ್ ಒಮ್ಮೆ ಬರುತ್ತದೆ, ಒಮ್ಮೆ ಬರುವುದಿಲ್ಲ. ಎರಡು ವರ್ಷ ಹೀಗೇ ಹೋಯಿತು. ಒಂದು ಬ್ಯಾಚ್ ಟಿಸಿ 91 ಕೆಲ್ವಿನ್, ಇಳಿಜಾರು (ತಡೆ ಸೊನ್ನೆಗೆ ಇಳಿಯಲು ಹಿಡಿಯುವ ಅಂತರ) ಒಂದು ಕೆಲ್ವಿನ್ ಒಳಗೆ. ಮುಂದಿನದು 86, ಇಳಿಜಾರು ಆರೇಳು ಕೆಲ್ವಿನ್. ದ್ರಾವಣ ಬದಲಿಸಿದೆ, ಆಸಿಡ್ ಕಂಪನಿ ಬದಲಿಸಿದೆ, ಥರ್ಮೋಕಪಲ್ ಬದಲಿಸಿದೆ, ಹದಿನಾಲ್ಕು ಸಾವಿರದ ಕ್ವಾರ್ಟ್ಜ್ ಟ್ಯೂಬ್ ಬದಲಿಸಿದೆ. ಗ್ಯಾಸ್ ಸಿಲಿಂಡರ್ ಕೊಡುವವರ ಜೊತೆ ಜಗಳವೂ ಆಯಿತು. ತಪ್ಪು ಅವರದ್ದಲ್ಲ ಅಂತ ಗೊತ್ತಾದ ಮೇಲೆ ಹೋಗಿ ಮಾತಾಡಿ ಬಂದೆ.

ಕಂಡುಹಿಡಿದದ್ದು ನನ್ನ ಮಗಳು. ಪಿಯುಸಿ ಮುಗಿಸಿ ರಜೆಯಲ್ಲಿ ಶೆಡ್ಡಿಗೆ ಬರುತ್ತಿದ್ದಳು, ನನ್ನ ನೋಟ್‌ಬುಕ್ಕಿನ ರನ್‌ಗಳನ್ನೆಲ್ಲ ಕಂಪ್ಯೂಟರಿಗೆ ಏರಿಸಲು ಹೇಳಿದ್ದೆ. ಸುಮಾರು ನೂರಾ ನಲವತ್ತು ರನ್. ಮೂರನೇ ದಿನ "ಅಪ್ಪಾ, ನಿಂದು ಛಲೋ ಬಂದಿದ್ದೆಲ್ಲಾ ಶ್ರಾವಣದಾಗ ಬಂದಾವಲ್ಲ?" ಅಂದಳು. ನಾನು ನಂಬಲಿಲ್ಲ. ಮಳೆಗಾಲ ಫಿಲ್ಮಿಗೆ ಶತ್ರು ಅಂತ ಪೆಟ್ಟಿಗೆ ಕಟ್ಟಿಸಿದವನು ನಾನು. ಕೂತು ನೋಡಿದರೆ ನಿಜ. ಜುಲೈನಿಂದ ಸೆಪ್ಟೆಂಬರ್‌ವರೆಗೆ ಸಾಲಾಗಿ ಒಳ್ಳೆಯ ಫಿಲ್ಮ್. ಡಿಸೆಂಬರ್, ಜನವರಿ ಪೂರಾ ಕೆಟ್ಟದ್ದು. ಏಪ್ರಿಲ್, ಮೇ ಕೂಡ ಕೆಟ್ಟದ್ದೇ, ಆದರೆ ಬೇರೆ ಥರ ಕೆಟ್ಟದ್ದು.

ಮಳೆಗಾಲದಲ್ಲಿ ಶೆಡ್ಡಿನ ಒಳಗೆ ಹಗಲು ರಾತ್ರಿ 24, 25 ಡಿಗ್ರಿ. ಬಬ್ಲರ್ ನೀರೂ ಅಷ್ಟೇ, ಆವಿ ಮೂರು ಪರ್ಸೆಂಟ್ ಚಿಲ್ಲರೆ. ಜನವರಿ ರಾತ್ರಿ ನೀರು 17, 18ಕ್ಕೆ ಇಳಿಯುತ್ತದೆ, ಆವಿ ಎರಡು ಪರ್ಸೆಂಟ್. ಏಪ್ರಿಲ್‌ನಲ್ಲಿ ತಗಡಿನ ಕೆಳಗೆ 36, ಆವಿ ಆರು ಪರ್ಸೆಂಟ್. ಮೂರು ಪಟ್ಟು ವ್ಯತ್ಯಾಸ! ನಾನು ಫರ್ನೇಸ್ ಟೆಂಪರೇಚರನ್ನು ಒಂದು ಡಿಗ್ರಿ ಹಿಡಿಯಲು ಜೀವ ತೇಯುತ್ತಿದ್ದೆ, ಬಬ್ಲರನ್ನು ಸುಮ್ನೆ ಟೇಬಲ್ ಮೇಲೆ ಬಿಟ್ಟಿದ್ದೆ. ಚಳಿಗಾಲದ ಫಿಲ್ಮಿನಲ್ಲಿ ಬೇರಿಯಂ ಫ್ಲೂರೈಡ್ ಪೂರ್ತಿ ಕರಗದೆ ಉಳಿಯುತ್ತಿತ್ತು, ಧಾರವಾಡದ ವಿಶ್ವವಿದ್ಯಾಲಯದಲ್ಲಿ ಮಾಡಿಸಿದ ಎಕ್ಸ್‌ಆರ್‌ಡಿಯಲ್ಲಿ (ಹರಳು ಯಾವುದೆಂದು ಎಕ್ಸ್‌ರೇಯಿಂದ ನೋಡುವ ಪರೀಕ್ಷೆ) 25 ಡಿಗ್ರಿ ಕೋನದ ಹತ್ತಿರದ ಆ ಸಣ್ಣ ಗುಡ್ಡವನ್ನು ನಾನು ಎಷ್ಟೋ ಸಲ ನೋಡಿದ್ದೆ, ಸುಡುವ ಹೊತ್ತು ಸಾಲದು ಅಂದುಕೊಂಡಿದ್ದೆ. ಬೇಸಿಗೆಯ ಫಿಲ್ಮ್ ಅವಸರದಲ್ಲಿ ಬೆಳೆದು ತೂತುತೂತು, ಹರಳು ಅಡ್ಡ ಮಲಗಿದ್ದವು. ಬರಿಗಣ್ಣಿಗೇ ಕರಿ ಹೊಳಪಿಲ್ಲದೆ ಬೂದಿಬಣ್ಣ ಕಾಣುತ್ತದೆ.

ಆ ರಾತ್ರಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ಹೋಗಿ ಗುಜರಿಯಿಂದ ಹಳೆಯ ವಾಟರ್ ಕೂಲರ್ ಒಂದನ್ನು ಎರಡೂವರೆ ಸಾವಿರಕ್ಕೆ ತಂದೆ. ಅದರ ತೊಟ್ಟಿಯಲ್ಲಿ ಬಬ್ಲರ್, ಹೀಟರ್, ಕಂಟ್ರೋಲರ್. ಒಂದಲ್ಲ, ಎರಡು ಬಬ್ಲರ್ ಸಾಲಾಗಿ. ಮೊದಲನೆಯದು ತುಸು ಬಿಸಿ, ಗ್ಯಾಸ್ ಜಾಸ್ತಿ ನೀರು ಹೊತ್ತು ಬರುತ್ತದೆ. ಎರಡನೆಯದರಲ್ಲಿ ಹೆಚ್ಚಿನದು ಇಳಿದು, ಆ ನೀರಿನ ಟೆಂಪರೇಚರ್ ಎಷ್ಟೋ ಅಷ್ಟೇ ಆವಿ ಮುಂದಕ್ಕೆ. ಅಲ್ಲಿಂದ ಫರ್ನೇಸ್‌ವರೆಗಿನ ಪೈಪಿಗೆ ಹೀಟಿಂಗ್ ಟೇಪ್ ಸುತ್ತಲೇಬೇಕು, ಇಲ್ಲದಿದ್ದರೆ ಚಳಿಯ ಬೆಳಿಗ್ಗೆ ಪೈಪಿನಲ್ಲೇ ಹನಿ ನಿಲ್ಲುತ್ತದೆ. ಎರಡನೇ ಬಬ್ಲರ್ ಎಷ್ಟು ಡಿಗ್ರಿಗೆ ಇಟ್ಟಿದ್ದೇನೆ, ನಡುವೆ ಯಾವಾಗ ಬದಲಿಸುತ್ತೇನೆ ಅನ್ನುವುದನ್ನು ಹೇಳುವುದಿಲ್ಲ. ಅದನ್ನು ಹುಡುಕಲು ನನಗೆ ಇಪ್ಪತ್ತೆರಡು ಬಿಲ್ಲೆ ಹೋಗಿವೆ. ನಿಮ್ಮ ಟ್ಯೂಬಿನ ಅಗಲ, ಗ್ಯಾಸಿನ ವೇಗಕ್ಕೆ ನಿಮ್ಮ ಸಂಖ್ಯೆ ಬೇರೆಯೇ ಬರುತ್ತದೆ.

ಅದರ ನಂತರದ ಜನವರಿಯಲ್ಲಿ ಹತ್ತಕ್ಕೆ ಎಂಟು ಫಿಲ್ಮ್ ಪಾಸು. ಈಗ ಹತ್ತಕ್ಕೆ ಒಂಬತ್ತು ಅನ್ನಬಹುದು.

ಒಂದು ಎಚ್ಚರಿಕೆ. ಹೊರಗೆ ಬರುವ ಗ್ಯಾಸಿನಲ್ಲಿ ಹೈಡ್ರೋಜನ್ ಫ್ಲೂರೈಡ್ ಇರುತ್ತದೆ. ಪ್ರಮಾಣ ಸಣ್ಣದು, ಆದರೆ ಕ್ವಾರ್ಟ್ಜ್ ಟ್ಯೂಬಿನ ಒಳಗೋಡೆ ಮಂಜಾಗುವುದನ್ನು ನೋಡಿದರೆ ಸಾಕು, ಪುಪ್ಪುಸಕ್ಕೆ ಏನು ಮಾಡಬಹುದು ಅಂತ ತಿಳಿಯುತ್ತದೆ. ನಾನು ಸುಣ್ಣದ ನೀರಿನ ಎರಡು ಡಬ್ಬಿಗಳ ಮೂಲಕ ಬಿಡುತ್ತೇನೆ, ಫ್ಲೂರಿನ್ ಬಿಳಿ ಕೆಸರಾಗಿ ತಳಕ್ಕೆ ಕೂರುತ್ತದೆ. ವಾರಕ್ಕೊಮ್ಮೆ ಹೊಸ ಸುಣ್ಣ. ಕ್ಯಾಲ್ಸಿಯಂ ಗ್ಲುಕೋನೇಟ್ ಜೆಲ್ ಟ್ಯೂಬ್ ಶೆಡ್ಡಿನ ಗೋಡೆಗೆ ತೂಗುಹಾಕಿದೆ, ಅದು ಇಲ್ಲದ ದಿನ ಫರ್ನೇಸ್ ಹಚ್ಚುವುದಿಲ್ಲ.

ಇನ್ನು ದಪ್ಪದ ವಿಷಯ. ಒಂದು ಕೋಟ್ ಬಳಿದರೆ 250 ನ್ಯಾನೋಮೀಟರ್ ಸಿಗುತ್ತದೆ. 77 ಕೆಲ್ವಿನ್‌ನಲ್ಲಿ ಕಾಂತಕ್ಷೇತ್ರ ಫಿಲ್ಮಿನೊಳಗೆ ಇಳಿಯುವ ಆಳವೇ ಹೆಚ್ಚುಕಡಿಮೆ ಅಷ್ಟಿದೆ. ಅಂದರೆ ಫಿಲ್ಮ್ ಎಷ್ಟೇ ಚೆನ್ನಾಗಿದ್ದರೂ ಆರ್ಎಸ್ (ಮೈಕ್ರೋವೇವ್ ಕರೆಂಟಿಗೆ ಮೇಲ್ಮೈ ಒಡ್ಡುವ ತಡೆ, ಕಡಿಮೆ ಇದ್ದಷ್ಟೂ ಒಳ್ಳೆಯದು) ಒಳ್ಳೆಯದು ಬರುವುದಿಲ್ಲ. ನನ್ನ ಮೊದಲ ರೆಸೋನೇಟರಿನ (ಒಂದೇ ಫ್ರೀಕ್ವೆನ್ಸಿಗೆ ಕಂಪಿಸುವ ಗೆರೆ) ಕ್ಯೂ ಮೂರು ಸಾವಿರ ಅಷ್ಟೇ. ದಪ್ಪ ಮಾಡಲು ದ್ರಾವಣ ಗಟ್ಟಿ ಮಾಡಿದರೆ ಸೀಳು. ಎರಡು ಕೋಟ್ ಹಾಕಿದರೆ ಎರಡನೆಯದು ಮೊದಲನೆಯದನ್ನು ಕರಗಿಸಿ ಎಬ್ಬಿಸುತ್ತದೆ. ಇದಕ್ಕೆ ದ್ರಾವಣದಲ್ಲಿ ಒಂದು ಸೇರುವೆ ಹಾಕುತ್ತೇನೆ, ಮೊದಲ ಕೋಟನ್ನು ಪೂರ್ತಿ 400ಕ್ಕೆ ಒಯ್ಯುವುದಿಲ್ಲ. ಇಷ್ಟು ಸಾಕು. ಈಗ 550 ನ್ಯಾನೋಮೀಟರ್ ಸೀಳಿಲ್ಲದೆ ಬರುತ್ತದೆ, ಕ್ಯೂ ಹದಿನೆಂಟು ಸಾವಿರ ದಾಟಿದೆ. 10 ಗಿಗಾಹರ್ಟ್ಜ್‌ಗೆ ಲೆಕ್ಕ ಹಾಕಿದರೆ ಆರ್ಎಸ್ ಅರ್ಧ ಮಿಲಿಓಮ್‌ಗಿಂತ ಸ್ವಲ್ಪ ಮೇಲೆ. ಒಳ್ಳೆಯ ಲೇಸರ್ ಫಿಲ್ಮಿಗಿಂತ ಸ್ವಲ್ಪ ಹಿಂದೆ ಇದ್ದೇನೆ, ತಾಮ್ರಕ್ಕಿಂತ ಹದಿನೈದು ಪಟ್ಟು ಮುಂದೆ.

ಬಿಲ್ಲೆಯ ಹಿಂಭಾಗದ ಗ್ರೌಂಡ್ ಪದರಕ್ಕೆ ಮೊದಲು ಬೆಳ್ಳಿ ಹಚ್ಚಿದ್ದೆ, ಅದೇ ಲಾಸ್ ತಿನ್ನುತ್ತಿತ್ತು. ಎರಡೂ ಕಡೆ ಸೂಪರ್‌ಕಂಡಕ್ಟರ್ ಬೇಕು. ಸ್ಪಿನ್ ಮಾಡಿದರೆ ಕೆಳಗಿನ ಮುಖ ಬಿಲ್ಲೆ ಹಿಡಿಯುವ ಚಕ್‌ಗೆ ತಾಗಿ ಹಾಳು. ಅದಕ್ಕೆ ಅದ್ದಿ ಎತ್ತುವುದು ಶುರು ಮಾಡಿದೆ. ಹಳೆಯ ಪ್ರಿಂಟರಿನ ಸ್ಟೆಪ್ಪರ್ ಮೋಟರ್, ಮೀನಿನ ಗಾಳದ ದಾರ, ಅದೇ ಒಣ ಪೆಟ್ಟಿಗೆಯೊಳಗೆ. ಕೆಳಅಂಚಿನಲ್ಲಿ ದ್ರಾವಣ ಗಂಟುಕಟ್ಟಿ ಮೂರು ಮಿಲಿಮೀಟರ್ ಒಡೆಯುತ್ತದೆ, ಅದನ್ನು ಕತ್ತರಿಸಿ ಬಿಸಾಡುತ್ತೇನೆ. ಫರ್ನೇಸಿನಲ್ಲಿ ಮಲಗಿಸಿ ಇಟ್ಟರೆ ಕೆಳಮುಖಕ್ಕೆ ಆವಿ ಹೋಗದೆ ಫ್ಲೂರೈಡ್ ಉಳಿಯುತ್ತದೆ. ಸೀಳು ಹಾಕಿದ ಕ್ವಾರ್ಟ್ಜ್ ತೊಟ್ಟಿಲಲ್ಲಿ ತಟ್ಟೆ ನಿಲ್ಲಿಸಿದ ಹಾಗೆ ನಿಲ್ಲಿಸಿ ಸುಡಬೇಕು.

ಫಿಲ್ಮಿನ ಮೇಲೆ ಗೆರೆ ಮೂಡಿಸಲು ಮಾಸ್ಕ್, ಅಂದರೆ ಅಚ್ಚಿನ ಹಾಳೆ, ಬೇಕಲ್ವಾ? ಬೆಂಗಳೂರಿನಲ್ಲಿ ಕ್ರೋಮ್ ಮಾಸ್ಕಿಗೆ ಕೇಳಿದ ದರ ನೋಡಿ ಸುಮ್ಮನಾದೆ. ಗದಗಿಗೆ ಹೋದೆ. ಪ್ರಿಂಟಿಂಗ್ ಪ್ರೆಸ್ಸುಗಳ ಊರು ಅದು. ಈಗ ಎಲ್ಲರೂ ನೇರ ಪ್ಲೇಟಿಗೆ ಹೋಗಿದ್ದಾರೆ, ಆದರೂ ಒಬ್ಬ ಹಿರಿಯರು ಹಳೆಯ ಫಿಲ್ಮ್ ಯಂತ್ರವನ್ನು ಉಳಿಸಿಕೊಂಡಿದ್ದಾರೆ. 2400 ಡಿಪಿಐ, ಅಂದರೆ ಒಂದು ಚುಕ್ಕೆ ಸುಮಾರು ಹತ್ತು ಮೈಕ್ರಾನ್. ನನ್ನ ಗೆರೆ ನಾನೂರು ಮೈಕ್ರಾನ್, ಧಾರಾಳ ಸಾಕು. "ಏನ್ರೀ ಇದು, ಹೆಣ್ಮಕ್ಕಳ ಹೇರ್‌ಪಿನ್ ಜಾಹೀರಾತೇನ್ರಿ?" ಅಂತ ಕೇಳಿದರು. ಒಂದು ಫಿಲ್ಮಿಗೆ ನೂರಾ ಅರವತ್ತು ರೂಪಾಯಿ. ಎಚ್ಚಿಂಗಿಗೆ ಬಹಳ ತೆಳುವಾದ ಫಾಸ್ಫಾರಿಕ್ ಆಸಿಡ್, ನೂರಕ್ಕೆ ಒಂದು ಪಾಲು. ಇಡಿಟಿಎ ಕೂಡ ಒಳ್ಳೆಯದು, ಅಂಚು ಇನ್ನೂ ನಯ, ನಿಧಾನ.

ಮಳೆಗಾಲದ ಇನ್ನೊಂದು ಪಾಠ ಇಲ್ಲೇ ಹೇಳಿಬಿಡುತ್ತೇನೆ. ಅಳತೆ ಮುಗಿಸಿ ಲಿಕ್ವಿಡ್ ನೈಟ್ರೋಜನ್‌ನಿಂದ ತೆಗೆದ ಫಿಲ್ಟರನ್ನು ಟೇಬಲ್ ಮೇಲೆ ಇಟ್ಟು ಊಟಕ್ಕೆ ಹೋದೆ. ಮೈಮೇಲೆ ಹಿಮ ಕಟ್ಟಿ, ಕರಗಿ, ಫಿಲ್ಮ್ ನೀರಿನಲ್ಲಿ ನೆನೆಯಿತು. ಮರುದಿನ ಕ್ಯೂ ಅರ್ಧ. ಈಗ ಒಣ ನೈಟ್ರೋಜನ್ ಚೀಲದೊಳಗೇ ರೂಮ್ ಟೆಂಪರೇಚರಿಗೆ ತರುತ್ತೇನೆ, ಮೇಲೆ ತೆಳು ಪ್ಲಾಸ್ಟಿಕ್ ಪದರ ಬಳಿಯುತ್ತೇನೆ.

ಲಿಕ್ವಿಡ್ ನೈಟ್ರೋಜನ್ ಎಲ್ಲಿಂದ ಅಂತ ಬಹಳ ಜನ ಕೇಳುತ್ತಾರೆ. ಹೈನುಗಾರಿಕೆ ಇರುವ ಕಡೆ ಇದಕ್ಕೆ ಬರ ಇಲ್ಲ. ದನಗಳ ಕೃತಕ ಗರ್ಭಧಾರಣೆಯ ಕಂಟೇನರ್ ತುಂಬಿಸಲು ಬರುವ ಗಾಡಿಯವರ ಹತ್ತಿರವೇ ನಾನೂ ಹಿಡಿಸುತ್ತೇನೆ, ಲೀಟರಿಗೆ ಐವತ್ತು ಚಿಲ್ಲರೆ. ವಾರಕ್ಕೆ ಮೂವತ್ತು ಲೀಟರ್ ಒಯ್ಯುವುದನ್ನು ನೋಡಿ "ನಿಮ್ಮ ಕಡೆ ಎಷ್ಟ ಎಮ್ಮಿ ಅದಾವ್ರಿ ಸಾಹೇಬ್ರ?" ಅಂತ ಡ್ರೈವರ್ ಕೇಳಿದ್ದ. ಶೆಡ್ಡಿಗೆ ಕರೆದು ಮ್ಯಾಗ್ನೆಟ್ ತೇಲಿಸಿ ತೋರಿಸಿದೆ. ಮುಂದಿನ ವಾರ ತನ್ನ ಇಬ್ಬರು ಮಕ್ಕಳನ್ನೂ ಕರೆದುಕೊಂಡು ಬಂದ. ಮ್ಯಾಗ್ನೆಟ್ ತೇಲಿಸಲು ನನ್ನ ಫಿಲ್ಮ್ ಬೇಡ, ಅದಕ್ಕೆ ಒತ್ತಿ ಸುಟ್ಟ ಗುಳಿಗೆ ಬೇರೆ ಮಾಡಿಟ್ಟಿದ್ದೇನೆ, ಶಾಲೆ ಮಕ್ಕಳು ಬಂದಾಗ ಬೇಕಾಗುತ್ತದೆ.

ಅದೇ ನೈಟ್ರೋಜನ್ ಮೇಲೆ ರೋಟರಿ ಪಂಪ್ ಹಚ್ಚಿ ಎಳೆದರೆ ಟೆಂಪರೇಚರ್ ಇಳಿಯುತ್ತದೆ, 63 ಕೆಲ್ವಿನ್ ಹತ್ತಿರ ಬಂದಾಗ ಇಡೀ ನೈಟ್ರೋಜನ್ ಬೆಳ್ಳಗೆ ಹೆಪ್ಪುಗಟ್ಟುತ್ತದೆ. ಮೊದಲ ಸಲ ನೋಡಿದಾಗ ಮೈ ಜುಮ್ ಅಂದಿತು. ಕೆಲಸಕ್ಕೂ ಬಂತು: 67ರ ಹತ್ತಿರ ಕ್ಯೂ ಮೂವತ್ತು ಸಾವಿರದ ಮೇಲೆ ಹೋಯಿತು. ಹತ್ತು ಕೆಲ್ವಿನ್ ಇಳಿಸುವುದು ಫಿಲ್ಮ್ ಸುಧಾರಿಸುವುದಕ್ಕಿಂತ ಸಲೀಸು. ಇಟ್ರಿಯಂ ಬದಲು ಗ್ಯಾಡೋಲಿನಿಯಂ ಹಾಕಿಯೂ ನೋಡಿದೆ. ಟಿಸಿ ಒಂದೆರಡು ಕೆಲ್ವಿನ್ ಏರಿತು, ಆದರೆ ಸುಡುವ ಕಿಟಕಿ ಇಕ್ಕಟ್ಟು, ಬಿಟ್ಟೆ. ಮತ್ತೆ ಎಂದಾದರೂ ಹಿಡಿಯಬೇಕು.

ಈಗ ಲ್ಯಾಂಥನಮ್ ಅಲ್ಯುಮಿನೇಟಿನ ಕಾಟ. 540 ಡಿಗ್ರಿ ಹತ್ತಿರ ಅದರ ಹರಳು ರೂಪ ಬದಲಿಸುತ್ತದೆ, ತಣಿಯುವಾಗ ಅವಳಿ ಗೆರೆಗಳು ಮೂಡುತ್ತವೆ, ಪ್ರತಿ ಬಿಲ್ಲೆಯಲ್ಲೂ ಬೇರೆ ಬೇರೆ ಜಾಗದಲ್ಲಿ. ಡೈಎಲೆಕ್ಟ್ರಿಕ್ ಅಲ್ಲಲ್ಲಿ ಸ್ವಲ್ಪ ಸ್ವಲ್ಪ ಬದಲು. ಐದು ರೆಸೋನೇಟರುಗಳಲ್ಲಿ ಒಂದೊಂದೂ ಎರಡು ಮೂರು ಮೆಗಾಹರ್ಟ್ಜ್ ಅತ್ತಿತ್ತ. 20 ಮೆಗಾಹರ್ಟ್ಜ್ ಅಗಲದ ಫಿಲ್ಟರಿಗೆ ಇದು ಕುತ್ತಿಗೆಗೆ ಬರುತ್ತದೆ. ಇಲ್ಲಿ ನನ್ನ ಹದಿನೆಂಟು ವರ್ಷ ಉಪಯೋಗಕ್ಕೆ ಬಂತು. ಮುಚ್ಚಳದಲ್ಲಿ ನೀಲಮಣಿ ಕಡ್ಡಿಯ ಸ್ಕ್ರೂ ಇಟ್ಟು, ಫಿಲ್ಟರ್ ತಣ್ಣಗಿರುವಾಗಲೇ ಮೇಲಿನಿಂದ ಉದ್ದ ಫೈಬರ್ ಕಡ್ಡಿಯಲ್ಲಿ ತಿರುಗಿಸುತ್ತೇನೆ. ರಿಟರ್ನ್ ಲಾಸಿನ (ಫಿಲ್ಟರಿನಿಂದ ವಾಪಸ್ ಬರುವ ಸಿಗ್ನಲ್) ಗ್ರಾಫಿನ ಐದು ಗುಂಡಿಗಳು ಒಂದೊಂದಾಗಿ ಸಾಲಿಗೆ ಬಂದು ಕೂರುತ್ತವೆ. ಎರಡು ತಾಸಿನ ಕೆಲಸ. ಯಾವ ಸ್ಕ್ರೂವಿನಿಂದ ಶುರು ಮಾಡಬೇಕು ಅನ್ನುವುದು ಕೈಗೆ ಗೊತ್ತು.

ಡಬ್ಬಿಗೆ ಮೊದಲು ಹಿತ್ತಾಳೆ ಬಳಸಿದೆ. ತಣಿದಾಗ ಹಿತ್ತಾಳೆ ಜಾಸ್ತಿ ಕುಗ್ಗಿ ಬಿಲ್ಲೆಯನ್ನು ಹಿಂಡಿತು, ಟಕ್ ಅಂತ ಶಬ್ದ, ಹದಿನೆಂಟು ಸಾವಿರ ಎರಡು ತುಂಡು. ಟೈಟಾನಿಯಂಗೆ ಬದಲಿಸಿದೆ. ಗೋಕುಲ ರೋಡಿನಲ್ಲಿ ವಾಲ್ವ್ ಮಾಡುವ ಗೆಳೆಯರ ಶಾಪಿನಲ್ಲಿ ಮಿಲ್ಲಿಂಗ್. ಡ್ಯೂವರ್ ಕೂಡ ಅವರದ್ದೇ ವೆಲ್ಡಿಂಗ್. ವಾಲ್ವಿನವರಿಗೆ ನೀರಿನ ಒತ್ತಡದ ಲೀಕ್ ಚೆನ್ನಾಗಿ ಗೊತ್ತು, ವ್ಯಾಕ್ಯೂಮಿನ ಲೀಕ್ ಬೇರೆ ಜಾತಿ. ನಾಲ್ಕು ಡ್ಯೂವರ್ ವಾಪಸ್ ಹೋದವು. ಐದನೆಯದು ಆರು ತಿಂಗಳು ವ್ಯಾಕ್ಯೂಮ್ ಹಿಡಿಯಿತು. ಅವರ ವೆಲ್ಡರ್ ಈಗ ನನಗಿಂತ ಚೆನ್ನಾಗಿ ಹೀಲಿಯಂ ಲೀಕ್ ಬಗ್ಗೆ ಮಾತಾಡುತ್ತಾರೆ.

ದುಡ್ಡಿನ ಮಾತು. ಒಟ್ಟು ಹದಿನಾಲ್ಕು, ಹದಿನೈದು ಲಕ್ಷ ಹೋಗಿದೆ, ನನ್ನ ಹೊತ್ತು ಲೆಕ್ಕ ಹಾಕದೆ. ಮೊದಲು ಫಿಲ್ಮ್ ಮಾತ್ರ ಮಾರಲು ಹೊರಟೆ. ಒಂದು ವರ್ಷದಲ್ಲಿ ಹೋದದ್ದು ಏಳು ಬಿಲ್ಲೆ. ಫಿಲ್ಮ್ ಕೊಂಡವರಿಗೆ ಪ್ಯಾಟರ್ನ್ ಮಾಡಲು ಬರುವುದಿಲ್ಲ, ತಣಿಸಲು ಬರುವುದಿಲ್ಲ, ಕೆಟ್ಟರೆ ನನ್ನ ಫಿಲ್ಮೇ ಕೆಟ್ಟದ್ದು ಅನ್ನುತ್ತಾರೆ. ಮೊಬೈಲ್ ಟವರಿನವರನ್ನೂ ಕೇಳಿದೆ. ಅಮೆರಿಕದಲ್ಲಿ ಈ ಕೆಲಸ ದೊಡ್ಡದಾಗಿ ಆಗಿತ್ತು: ಇಲಿನಾಯ್ ಸೂಪರ್‌ಕಂಡಕ್ಟರ್, ಕಂಡಕ್ಟಸ್, ಸೂಪರ್‌ಕಂಡಕ್ಟರ್ ಟೆಕ್ನಾಲಜೀಸ್ ಎಂಬ ಕಂಪನಿಗಳು ಟವರುಗಳಿಗೆ ಸಾವಿರಾರು ಫಿಲ್ಟರ್ ಹಾಕಿದ್ದವು. 2002ರಲ್ಲಿ ಕಂಡಕ್ಟಸ್ ಸೂಪರ್‌ಕಂಡಕ್ಟರ್ ಟೆಕ್ನಾಲಜೀಸ್ ಜೊತೆ ಸೇರಿತು, ಆಮೇಲೆ ಅವರೂ ತಂತಿಯ ಕಡೆ ಹೊರಳಿದರು. ಅವರ ಫಿಲ್ಟರ್ ಬಹಳ ಚೆನ್ನಾಗಿತ್ತು. ಟವರಿನವರಿಗೆ ಇನ್ನೊಂದು ಟವರ್ ಹಾಕುವುದು ಕೂಲರ್ ಸಾಕುವುದಕ್ಕಿಂತ ಸುಲಭ ಅನ್ನಿಸಿತು. ನಾನು ಆ ಬಾಗಿಲಲ್ಲಿ ಎರಡು ತಿಂಗಳಿಗಿಂತ ಜಾಸ್ತಿ ನಿಲ್ಲಲಿಲ್ಲ.

ಬೇಕಾದವರು ಬೇರೆ ಕಡೆ ಇದ್ದರು, ಆಕಾಶದ ರೇಡಿಯೋ ತರಂಗ ಕೇಳುವ ಖಗೋಳದವರು. ಆಕಾಶದ ಹೈಡ್ರೋಜನ್ ಗೆರೆ 1420 ಮೆಗಾಹರ್ಟ್ಜ್‌ನಲ್ಲಿದೆ, ಅಕ್ಕಪಕ್ಕ 900, 1800ರ ಮೊಬೈಲ್ ಗದ್ದಲ. ಆಂಪ್ಲಿಫೈಯರಿಗಿಂತ ಮೊದಲೇ ಫಿಲ್ಟರ್ ಕೂರಿಸಬೇಕು, ಆದರೆ ಮೊದಲೇ ಕೂರಿಸಿದ ಫಿಲ್ಟರಿನ ಪ್ರತಿ ಲಾಸೂ ನಾಯ್ಸ್ ಆಗಿ ಕೂಡುತ್ತದೆ. ಅಲ್ಲಿ 0.3 ಡಿಬಿ, ಅದೂ 77 ಕೆಲ್ವಿನ್‌ನಲ್ಲಿ ಕೂತ 0.3 ಡಿಬಿಗೆ ಬೆಲೆ ಇದೆ. ಅವರಿಗೆ ಫಿಲ್ಮ್ ಬೇಡ, ಎರಡು ಕನೆಕ್ಟರ್ ಇರುವ ಡಬ್ಬಿ ಬೇಕು. ನೈಟ್ರೋಜನ್ ಸುರಿ, ಹಚ್ಚು, ಅಷ್ಟೇ. ಮೊದಲ ಡಬ್ಬಿಯನ್ನು ಒಂದು ತಿಂಗಳು ಪುಕ್ಕಟೆ ಕೊಟ್ಟೆ. ವಾಪಸ್ ಬರಲಿಲ್ಲ, ಚೆಕ್ ಬಂತು. ಈಗ ಒಂದು ಡಬ್ಬಿಗೆ ಒಂದು ಲಕ್ಷ ಎಂಬತ್ತು ಸಾವಿರ ತೆಗೆದುಕೊಳ್ಳುತ್ತೇನೆ. ಸಾಮಾನಿನ ಖರ್ಚು ಅರವತ್ತು ಸಾವಿರ ಚಿಲ್ಲರೆ, ಅದರಲ್ಲಿ ಡ್ಯೂವರ್ ಮತ್ತು ಟೈಟಾನಿಯಂ ಜಾಸ್ತಿ, ಫಿಲ್ಮಿನ ರಸಾಯನ ಎಂಟುನೂರು ರೂಪಾಯಿ ಇದ್ದೀತು. ಹಾಕಿದ ದುಡ್ಡಿನಲ್ಲಿ ಇನ್ನೂ ಮೂರು ಲಕ್ಷ ಬರಬೇಕು.

ಸದ್ಯ ಟೇಬಲ್ ಮೇಲೆ ಸಣ್ಣ ಸ್ಟರ್ಲಿಂಗ್ ಕೂಲರ್ (ನೈಟ್ರೋಜನ್ ಇಲ್ಲದೆ ತಣಿಸುವ ಯಂತ್ರ) ಕೂತಿದೆ, ಸೆಕೆಂಡ್ ಹ್ಯಾಂಡ್, ಒಂದು ಲಕ್ಷ ಹತ್ತು ಸಾವಿರ. ನೈಟ್ರೋಜನ್ ಸುರಿಯುವವರಿಲ್ಲದ ಬೆಟ್ಟದ ಮೇಲೆ ಒಂದು ಆಂಟೆನಾ ಇದೆ, ಅವರಿಗೆ ಎರಡು ಡಬ್ಬಿ ಬೇಕಂತೆ. ಕೂಲರ್ 70 ಕೆಲ್ವಿನ್ ಮುಟ್ಟುತ್ತಿದೆ, ಆದರೆ ಅದರ ನಡುಕಕ್ಕೆ ಮೂರನೇ ಪೋಲಿನ ಸ್ಕ್ರೂ ನಿಧಾನವಾಗಿ ಸಡಿಲುತ್ತಿದೆ. ರಾತ್ರಿಯಿಡೀ ಓಡಿಸಿ ಬೆಳಿಗ್ಗೆ ನೋಡಿದರೆ ಒಂದು ಗುಂಡಿ 400 ಕಿಲೋಹರ್ಟ್ಜ್ ಸರಿದಿರುತ್ತದೆ. ಗೋಕುಲ ರೋಡಿನ ಗೆಳೆಯರು ವಾಲ್ವ್ ಸ್ಪಿಂಡಲಿಗೆ ಹಾಕುವಂಥ ಲಾಕ್ ನಟ್ಟನ್ನು ಸಣ್ಣದಾಗಿ ಮಾಡಿಕೊಡುತ್ತೇನೆ ಅಂದಿದ್ದಾರೆ. ಸೋಮವಾರ ಕೈಗೆ ಬರುತ್ತದೆ.